ಕೀಲಿಕೈ ಯಾರ ಹತ್ರ

ತುಳಜವ್ವನ ಹೆಬ್ಬೆಟ್ಟಿನ್ಯಾಗ ಗೆರಿ ಇಲ್ಲ.
ನಲವತ್ತು ವರ್ಷ ಎಲಿ ಸುತ್ತಿ ಸುತ್ತಿ
ತಂಬಾಕ ತಿಂದು ಬಿಟ್ಟದ ಅದನ್ನ.
ಬ್ಯಾಂಕಿನ ಕೆಂಪು ಗಾಜಿನ ಮ್ಯಾಲ ಒತ್ತಿದ್ರ
ಮಶೀನು ಮರಾಠ್ಯಾಗ ಅಂತದ: ಪುನ್ಹಾ ಪ್ರಯತ್ನ ಕರಾ.
ಆಕಿ ಸೆರಗಿಗೆ ಒರಸ್ತಾಳ, ಮತ್ತ ಒತ್ತತಾಳ.
ಮತ್ತ ಪುನ್ಹಾ.
ತಪ್ಪೆಲ್ಲಾ ಬೆಟ್ಟಿಂದೇ ಅನ್ನೂ ಹಂಗ.

ಅದಕ್ಕ ಸೊಲ್ಲಾಪುರದ ನಮ್ಮ ಬೀಡಿ ಹೆಣ್ಮಕ್ಕಳ ಪತಸಂಸ್ಥೆ
ಠರಾವ ಮಾಡ್ತು: ಬೆಟ್ಟು ಬ್ಯಾಡ, ಕಾರ್ಡ್ ಮಾಡೂಣು.
ಮಾಡಾಕಿ ನಾನು, ಸುಗಲಾ, ಲೆಕ್ಕ ಬರಿಯಾಕಿ.
ಮುನ್ನೂರಾ ಹನ್ನೆರಡು ಮಂದಿ,
ಒಂದು ಹಳೇ ಕಂಪ್ಯೂಟರು, ಅದರಾಗ ಲಿನಕ್ಸು.
ಭಕ್ತೀಲೆ ಹಾಕಿದ್ದಲ್ಲ, ರೊಕ್ಕ ಇರಲಿಲ್ಲ ಅಂತ ಹಾಕಿದ್ದು,
ಆಮ್ಯಾಲ ಬಿಡಾಕ ಮನಸು ಬರಲಿಲ್ಲ.

ಪುಣೆದಿಂದ ಒಬ್ಬಾಂವ ಬಂದ.
ಕರೀ ಡಬ್ಬಿ, ನೀಲಿ ದೀಪ, ಜೋಡಿ ಒಂದು ಸಿ.ಡಿ.
"ವಿಂಡೋಸ್ ಇದ್ರ ಐದು ಮಿನಿಟು," ಅಂದ.
ಇರಲಿಲ್ಲಂದ್ರ?
ನಕ್ಕ.
ಕಾರ್ಡಿನ ಕೀಲಿಕೈ ಯಾರ ಹತ್ರ ಇರ್ತದ, ಕೇಳಿದೆ.
"ಕಂಪನಿ ಹತ್ರ ಮೇಡಮ್, ಸೇಫ್ ಇರ್ತದ."
ಕೀಲಿ ನಮ್ಮ ಬಾಗಿಲಿಗೆ, ಕೀಲಿಕೈ ಪುಣೆದಾಗ.
ಚಹಾ ಕುಡಿಸಿ ಕಳಿಸಿದೆ.

ಪೋಸ್ಟಿನ್ಯಾಗ ಎರಡು ರೀಡರು ತರಿಸಿದೆ.
ಒಂದಕ್ಕ ಡ್ರೈವರು ಬೇಕು, ಆ ಡ್ರೈವರು ಯಾವುದೋ ಹಳೇ ಕರ್ನಲ್ಲಿಗೆ,
ಬರದಾಂವ ಎಂದೋ ನೌಕರಿ ಬಿಟ್ಟಾನ.
ಇನ್ನೊಂದು ಅಗ್ಗದ್ದು, ಕೆಳಗ ಒಂದು ರಬ್ಬರ ಕಾಲಿಲ್ಲ.
ಚುಚ್ಚಿದೆ. ಏನೂ ಬೇಡಲಿಲ್ಲ,
ಎಲ್ಲಾರೂ ಒಪ್ಪಿದ ರೀತೀಲೆ ಮಾತಾಡೂ ಜಾತಿ ಅದು.
ಹಸರ ದೀಪ ಮಿಣಕ್ ಅಂತು.
ಕಾರ್ಡ್ ಹಾಕಿ ಕೇಳಿದೆ. ಜವಾಬು ಬಂತು:
ಆರು, ಎ, ಎಂಟು, ಎರಡು.
ಅಂದ್ರ, ನೀ ಕೇಳಿದ ಫೈಲು ನನ್ನ ಕಡೆ ಇಲ್ಲ.
ಎಂಥಾ ಖುಷಿ ಆತು ನನಗ!
ಇಲ್ಲ ಅನ್ನಾಕರ ಬರ್ತದಲ್ಲ ಇದಕ್ಕ,
ಏನು ಇಲ್ಲ ಅನ್ನೂದೂ ಗೊತ್ತದ.
ತಹಸೀಲ ಕಚೇರ್ಯಾಗ ನನ್ನ ಕನ್ನಡ ಅರ್ಜಿಗೆ
ಹನ್ನೊಂದು ತಿಂಗಳಾತು, ಒಂದು ನಂಬರೂ ಬಂದಿಲ್ಲ.

ಜಾಬರ್ ನಬಿಸಾಬ ಬಾಜೂಕ ಕುಂತಿದ್ದ.
ಮಿಲ್ಲು ಬಂದ್ ಆದ ಮ್ಯಾಲ
ಯಾರು ಏನು ಬಿಚ್ಚಿದ್ರೂ ಅಂವ ಅಲ್ಲಿ ಹಾಜರ.
"ಲಾಳಿ ಹೆಂಗ ಆರಸ್ತಿದ್ದಿ ಚಾಚಾ? ಓಡಿಸಿ ನೋಡ್ತಿದ್ದೇನು?"
"ಹೊಸಾದು ಎಲ್ಲಾ ಓಡ್ತಾವ ಬೇಟಿ.
ಬಡದು ನೋಡ್ತಿದ್ದೆ,
ಮುರಿಯೂ ಮುಂದ ಸಪ್ಪಳ ಮಾಡ್ತದೋ ಇಲ್ಲೋ."

ಕುಂಟು ರೀಡರೇ ಇಟ್ಟಕೊಂಡೆ.
ಆದ್ರ ಕೀಲಿಕೈ ನಮ್ಮದಾದ್ರ ತಪ್ಪೂ ನಮ್ಮದು.
ಹಳೇ ಕೈ ತಗದು ಹೊಸಾ ಕೈ ಕೂಡಿಸೂವಾಗ
ವಹಿದಾಗ ಒಂದು ಅಂಕಿ ತಪ್ಪು ಬರಕೊಂಡಿದ್ದೆ.
ಹತ್ತು ಸಲ ತಪ್ಪಿದ್ರ ಕಾರ್ಡ್ ಬಾಯಿ ಮುಚ್ಚತದ,
ಬ್ರಹ್ಮ ಬಂದ್ರೂ ತೆರಿಯಂಗಿಲ್ಲ.
ಒಂದ ವಾರದಾಗ ಏಳು ಸತ್ತವು.
ಒಂದೊಂದರ ಕಿಮ್ಮತ್ತು ಹೆಚ್ಚೂಕಡಿಮಿ ಸಾವಿರ ಬೀಡಿ ಮಜೂರಿ.
ಮೀಟಿಂಗಿನ್ಯಾಗ ಚಾಪಿ ಮ್ಯಾಲ ಸಾಲಾಗಿ ಇಟ್ಟೆ,
ನನ್ನ ಪಗಾರದಾಗ ಮುರಕೋರಿ ಅಂದೆ.
ಯಾರೂ ಮಾತಾಡಲಿಲ್ಲ. ಕತ್ರಿ ಸಪ್ಪಳ ಅಷ್ಟ.

ತುಳಜವ್ವ ಒಂದು ಎತ್ತಿಕೊಂಡ್ಲು.
ಬಗ್ಗಿಸಿ ನೋಡಿದ್ಲು, ಅಂಚಿನ ಮ್ಯಾಲ
ಗೆರಿ ಇಲ್ಲದ ಬೆಟ್ಟು ಆಡಿಸಿದ್ಲು.
ಚಿಪ್ಪಿನ ಬಂಗಾರ ಬಿಟ್ಟು ಒಂದು ಕಡೆ ಕತ್ತರಿಸಿದ್ಲು, ಬೀಡಿ ಅಳತಿಗೆ.
ತೊಯ್ಸಿದ ಎಲಿ ಮ್ಯಾಲ ಇಟ್ಟು ಸುತ್ತಲೂ ಕತ್ರಿ ಓಡಿಸಿದ್ಲು.
ಎಲಿ ನೆಟ್ಟಗ ಬಂತು.
"ತಗಡಿನ ಪಟ್ಟಿ ಜಂಗು ಹಿಡೀತದ," ಅಂದ್ಲು, "ಇದು ಹಿಡಿಯಂಗಿಲ್ಲ.
ಇನ್ನ ಎಷ್ಟು ಕೆಡಸಾಕಿ ಇದ್ದೀಯವ್ವಾ?
ನಾಗರಬಾಯಿಗೂ ಒಂದು ಬೇಕಂತ."